ಎರಡರಿಂದ ಎಣಿಸುವ ಮೀರಾಸಾಬ

ಸಿಂದಗಿಯ ಅಡತಿ ಬಜಾರದಲ್ಲಿ ಮೀರಾಸಾಬನ ಗುರುತು ಇಲ್ಲದವರು ಯಾರೂ ಇರಲಿಲ್ಲ. ಇಲ್ಲ ಅಂದವನು ಒಂದೋ ಪರವೂರಿನವನಾಗಿರಬೇಕು, ಇಲ್ಲವೇ ಜನ್ಮದಲ್ಲಿ ಒಂದು ಚೀಲ ಜೋಳ ಕೊಂಡವನಾಗಿರಲಿಕ್ಕಿಲ್ಲ. ಮೀರಾಸಾಬನ ಕೆಲಸ ಕಾಳು ಅಳೆಯುವುದು. ಅಂಗಡಿಗಳಲ್ಲಿ ತಕ್ಕಡಿ ಮತ್ತು ಕಿಲೋ ಕಲ್ಲು ಬಂದು ವರ್ಷಗಳೇ ಆಗಿದ್ದರೂ ಹಳ್ಳಿಯ ಕಣಗಳಲ್ಲಿ ಇನ್ನೂ ಸೇರಿನದೇ ದರ್ಬಾರು ನಡೆದಿತ್ತು. ರಾಶಿ ಮಾಡಿದ ರೈತ ಮೊದಲು ಮೀರಾಸಾಬನಿಗೆ ಹೇಳಿ ಕಳಿಸುತ್ತಿದ್ದ, ಆಮೇಲೆ ಬೀಗರಿಗೆ.

ಅಳೆಯುವುದಕ್ಕೆ ಒಂದು ರೀತಿ ಇದೆ. ಕಣದಲ್ಲಿ ಯಾರೂ ಮಾತಾಡುವಂತಿಲ್ಲ, ಕಾಲಲ್ಲಿ ಚಪ್ಪಲಿ ಇರುವಂತಿಲ್ಲ. ಅಳೆಯುವವನು ತಲೆಗೆ ರುಮಾಲು ಸುತ್ತಿ, ಮೊಣಕಾಲೂರಿ ಕೂತು, ಮೊದಲ ಸೇರು ತುಂಬಿ ಚೀಲಕ್ಕೆ ಸುರಿಯುವಾಗ 'ಒಂದು' ಅನ್ನುವುದಿಲ್ಲ. 'ಲಾಭ' ಅನ್ನುತ್ತಾನೆ. ಆಮೇಲೆ ಎರಡು, ಮೂರು, ನಾಲ್ಕು. ಒಂದು ಅಂದರೆ ರಾಶಿ ಒಂಟಿಯಾಗುತ್ತದೆ, ಮನೆಗೆ ಕಡಿಮೆ ಬೀಳುತ್ತದೆ ಅಂತ ನಂಬಿಕೆ. ಮೀರಾಸಾಬನ ಅಪ್ಪ ತನ್ನ ಮನೆಯ ಕಾಳನ್ನು ಅಳೆಯುವಾಗ 'ಬರಕತ್' ಅನ್ನುತ್ತಿದ್ದ, ಊರವರ ಕಣದಲ್ಲಿ 'ಲಾಭ' ಅನ್ನುತ್ತಿದ್ದ. ಮೀರಾಸಾಬನಿಗೆ ಸ್ವಂತದ್ದೆಂದು ಅಳೆಯುವಷ್ಟು ಕಾಳು ಎಂದೂ ಬರಲಿಲ್ಲವಾದ್ದರಿಂದ ಅವನ ಬಾಯಲ್ಲಿ ಉಳಿದದ್ದು ಲಾಭ ಒಂದೇ. ಅವನು ಅದನ್ನು ಎಳೆದು, ಸ್ವಲ್ಪ ಹಾಡಿನ ಧಾಟಿಯಲ್ಲಿ ಅನ್ನುತ್ತಿದ್ದ. ಆ ದನಿ ಕೇಳುವುದಕ್ಕಾಗಿಯೇ ಅವನನ್ನು ಕರೆಸುವ ರೈತರು ಬಾಗೇವಾಡಿಯ ತನಕ ಇದ್ದರು.

ಅವನಿಗೂ ಅವನ ಹೆಂಡತಿ ಖಾತುನಬಿಗೂ ಇದ್ದದ್ದು ಒಬ್ಬಳೇ ಮಗಳು, ಮೆಹರಾಜ. ಚಡಚಣದಲ್ಲಿ ದ್ರಾಕ್ಷಿ ತೋಟದ ಕೆಲಸ ಮಾಡುವ ಬಾಬುಲಾಲನಿಗೆ ಕೊಟ್ಟಿದ್ದರು. ಚೊಚ್ಚಲ ಬಸಿರು. ತವರಿಗೆ ಕರೆತರಬೇಕಾದ ಹೊತ್ತು ಬಂದಾಗ ಸಿಂದಗಿ ಸೀಮೆಯಲ್ಲಿ ಹೆಸರಿನ ರಾಶಿ ಸುರುವಾಗಿತ್ತು. ಎರಡು ವರ್ಷ ಮಳೆ ಕೈಕೊಟ್ಟು, ಎಪ್ಪತ್ತಮೂರರಲ್ಲಿ ಮೊದಲ ಸಲ ಕಣಗಳು ತುಂಬಿದ್ದವು. ಎಲ್ಲರಿಗೂ ಮೀರಾಸಾಬನೇ ಬೇಕು. ಖಾತುನಬಿ ದಿನಾ ಸಂಜೆ ನೆನಪು ಮಾಡುತ್ತಿದ್ದಳು, ಇವನು ದಿನಾ ಸಂಜೆ, ಈ ಒಂದು ಕಣ ಮುಗಿಯಲಿ, ಹೋಗಿ ಬರೋಣ ಅನ್ನುತ್ತಿದ್ದ. ಹೀಗೆ ಹತ್ತಾರು ಕಣ ಮುಗಿದವು.

ಆ ದಿನ ಅವನು ಒಂದು ಹೆಸರಿನ ರಾಶಿಯ ಮುಂದೆ ಮೊಣಕಾಲೂರಿ, ಸೇರು ತುಂಬಿ, 'ಲಾಭ' ಅಂದು ಚೀಲಕ್ಕೆ ಸುರಿದಿದ್ದ. ಎರಡನೇ ಸೇರು ತುಂಬುವಷ್ಟರಲ್ಲಿ ಚಡಚಣದಿಂದ ಸುದ್ದಿ ತಂದ ಮನುಷ್ಯನೊಬ್ಬ ಕಣದ ಅಂಚಿಗೆ ಬಂದು ನಿಂತ. ಕಣದಲ್ಲಿ ಮಾತಾಡಬಾರದು ಅಂತ ಅವನಿಗೂ ಗೊತ್ತಿತ್ತು, ಹಾಗಾಗಿ ರಾಶಿ ಅಳೆದು ಮುಗಿಯುವವರೆಗೆ ಸುಮ್ಮನೆ ನಿಂತೇ ಇದ್ದ. ಮುಗಿದ ಮೇಲೆ ಹೇಳಿದ. ಹೆಣ್ಣು ಕೂಸು, ಚೆನ್ನಾಗಿದೆ. ಮೆಹರಾಜ ಹೋದಳು.

ಮೀರಾಸಾಬ ಮಣ್ಣಿಗೆ ಹೋಗಿ ಬಂದ. ಹಿಡಿ ಮಣ್ಣು ಹಾಕಿದ, ಕೈ ತೊಳೆದ, ಯಾರೋ ಕೊಟ್ಟ ಚಹಾ ಕುಡಿದ. ಒಳಗಿನಿಂದ ಕೂಸಿನ ಅಳು ಕೇಳಿಸುತ್ತಿತ್ತು. ನೋಡ್ರಿ ಅಂತ ಯಾರೋ ಕರೆದರು. ಅವನು ಬಸ್ಸಿನ ಹೊತ್ತಾಯಿತು ಅಂದ. ಅಳಲಿಲ್ಲ. ಅಳು ತಡೆದುಕೊಂಡ ಅಂತ ಊರ ಮಂದಿ ಹೊಗಳಿದರು, ಆದರೆ ತಡೆದುಕೊಳ್ಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಒಳಗೆ ಕೈ ಹಾಕಿದರೆ ಬರಿಗೈ ಬರುತ್ತಿತ್ತು. ಉಂಡರೆ ರುಚಿ ಇಲ್ಲ, ಮಲಗಿದರೆ ಕನಸಿಲ್ಲ, ಮೈಯೆಲ್ಲ ಜೋಮು ಹಿಡಿದ ಕಾಲಿನಂತೆ.

ದೀಪಾವಳಿಯ ಹೊತ್ತಿಗೆ ಸಜ್ಜೆಯ ರಾಶಿಗೆ ಕರೆ ಬಂತು. ಹೋದ, ಕೂತ, ಸೇರು ತುಂಬಿದ. ಬಾಯಿ ತೆರೆದರೆ ಲಾಭ ಬರಲೊಲ್ಲದು. ನಾಲಗೆ ಆ ಶಬ್ದದ ಹತ್ತಿರ ಹೋಗಿ ಹೊಳ್ಳಿ ಬರುತ್ತಿತ್ತು. ಕೊನೆಗೆ ಬಾಯಿ ಮುಚ್ಚಿಕೊಂಡೇ ಮೊದಲ ಸೇರು ಸುರಿದು, ಎರಡು ಅಂತ ಸುರು ಮಾಡಿದ. ರೈತನ ಮುಖ ಕಪ್ಪಿಟ್ಟಿತು. ಪಾಪ, ಬಯ್ಯಲಿಲ್ಲ, ಆದರೆ ಲಾಭ ಇಲ್ಲದ ರಾಶಿಯನ್ನು ಮನೆಗೆ ಒಯ್ಯಲು ಯಾರಿಗೆ ಮನಸ್ಸಾಗುತ್ತದೆ? ಮಾತು ಊರಿಂದೂರಿಗೆ ಹೋಯಿತು. ಕರೆಯುವವರು ಕಡಿಮೆಯಾಗಿ, ಆಮೇಲೆ ಯಾರೂ ಕರೆಯಲಿಲ್ಲ. ಮೀರಾಸಾಬ ಅಡತಿ ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯುತ್ತ ಕೂತ.

ಸಂಕ್ರಾಂತಿಯ ಹೊತ್ತಿಗೆ ಬಾಬುಲಾಲನ ತಾಯಿ ಅಮೀನಾಬಿ ಹೇಳಿ ಕಳಿಸಿದಳು. ಮೊಹರಂ ಚಾಂದ ಕಾಣುವುದರೊಳಗೆ ಮಗನಿಗೆ ಮರುಮದುವೆ. ಹೊಸ ಹುಡುಗಿಯ ಕಡೆಯವರಿಗೆ ಹಸುಗೂಸು ಇರುವ ಮನೆ ಬೇಡವಂತೆ. ಸೊಲ್ಲಾಪುರದಲ್ಲಿ ಮಕ್ಕಳಿಲ್ಲದ ಸಂಬಂಧಿಕರು ಒಯ್ಯಲು ತಯಾರಿದ್ದಾರೆ. ಅಜ್ಜ ಅಜ್ಜಿ ಒಯ್ಯುವುದಾದರೆ ಮಂಗಳವಾರದೊಳಗೆ ಬರಬೇಕು, ಬರದಿದ್ದರೆ ಸೊಲ್ಲಾಪುರದವರ ಕೈಗೆ ಕೊಡುವುದೇ. ಕೆಟ್ಟ ಹೆಂಗಸೇನಲ್ಲ ಅಮೀನಾಬಿ, ಐದು ತಿಂಗಳು ಆಡಿನ ಹಾಲು ಕುಡಿಸಿ ಸಾಕಿದ್ದಳು. ಅವಳಿಗೂ ಸಾಕಾಗಿತ್ತು.

ಖಾತುನಬಿ ಗಂಡನ ಮುಂದೆ ಕೂತಳು. ಅವಳ ಆಸೆ ಅವಳ ಮುಖದ ಮೇಲೇ ಇತ್ತು, ಬೇರೆ ಹೇಳಬೇಕಾಗಿರಲಿಲ್ಲ.

"ಹೂಂ ಅನ್ರಿ, ಇಲ್ಲಾ ಉಹೂಂ ಅನ್ರಿ," ಅಂದಳು. "ಏನರ ಒಂದು ಬಾಯಿಲೆ ಅನ್ರಿ."

ಬೇಡ ಅಂತ ಮೀರಾಸಾಬನಿಗಿರಲಿಲ್ಲ, ಬೇಕು ಅಂತಲೂ ಇರಲಿಲ್ಲ. ಇದ್ದದ್ದನ್ನು ಹೇಳಬಹುದು, ಇಲ್ಲದ್ದನ್ನು ಎಲ್ಲಿಂದ ತರುವುದು? ಖಾತುನಬಿ ಎದ್ದು ಒಲೆಯ ಮುಂದೆ ಹೋಗಿ ಕೂತಳು, ಮತ್ತೆ ಕೇಳಲಿಲ್ಲ.

ಹಕ್ಕಿ ಎಣಿಸುವ ಉಸಾಬರಿ ಬಂದದ್ದು ಇದೇ ಹೊತ್ತಿನಲ್ಲಿ. ಹೈಸ್ಕೂಲಿನ ವಿಜ್ಞಾನದ ಮಾಸ್ತರ ಶಂಕರೆಪ್ಪನಿಗೆ ಧಾರವಾಡದ ಗೆಳೆಯನೊಬ್ಬ ಹೇಳಿದ್ದನಂತೆ: ಚಳಿಗಾಲದಲ್ಲಿ ಕೆರೆಗಳಿಗೆ ದೂರದೇಶದ ಬಾತುಗಳು ಬರುತ್ತವೆ, ಮನಸ್ಸಿದ್ದವರು ಸೇರಿ ಎಣಿಸಿ ಕಳಿಸಿದರೆ ಯಾವ ವರ್ಷ ಎಷ್ಟು ಬಂದವು ಅಂತ ತಿಳಿಯುತ್ತದೆ. ಪಗಾರವಿಲ್ಲ, ಚಹಾ ಸಹ ನಿಮ್ಮದೇ. ಶಂಕರೆಪ್ಪ ಊರೆಲ್ಲ ಕೇಳಿದ, ಊರೆಲ್ಲ ನಕ್ಕಿತು. ಒಪ್ಪಿದವನು ಅಡತಿ ಅಂಗಡಿಯ ರಾಚಪ್ಪ ಸಾವಕಾರ ಒಬ್ಬನೇ. ಅವನಿಗೆ ಹಕ್ಕಿಯ ಮೇಲೆ ಪ್ರೀತಿ ಇತ್ತೆಂದಲ್ಲ. ರವಿವಾರ ಮನೆಯಲ್ಲಿದ್ದರೆ ಹೆಂಡತಿ ಗುರವ್ವ ಏನಾದರೂ ಕೆಲಸ ಹಚ್ಚುತ್ತಿದ್ದಳು.

ರಾಚಪ್ಪನೇ ಮೀರಾಸಾಬನನ್ನು ಎಳೆದುಕೊಂಡು ಹೊರಟ. ಇಪ್ಪತ್ತು ವರ್ಷ ಅವನ ಎಣಿಕೆ ನೋಡಿದವನು. ಕಿವಿಯ ಹತ್ತಿರ ಹಲಗಿ ಬಾರಿಸಿದರೂ ಮೀರಾಸಾಬನ ಲೆಕ್ಕ ತಪ್ಪುವುದಿಲ್ಲ ಅಂತ ಮಾಸ್ತರನ ಮುಂದೆ ಕೊಚ್ಚಿಕೊಂಡ. ಅದು ಅರ್ಧ ನಿಜ. ಇನ್ನರ್ಧ, ಚೀಲ ಹೊಲಿಯುತ್ತ ಕೂತ ಗೆಳೆಯನನ್ನು ಒಂದು ದಿನವಾದರೂ ಅಲ್ಲಿಂದ ಎಬ್ಬಿಸಬೇಕು ಅಂತಿತ್ತು ಅವನಿಗೆ. ಬರುತ್ತೀಯಾ ಅಂದರೆ ಮೀರಾಸಾಬ ಇಲ್ಲ ಅನ್ನಲಿಲ್ಲ. ಇಲ್ಲ ಅನ್ನುವುದಕ್ಕೂ ಒಂದಿಷ್ಟು ಗಟ್ಟಿತನ ಬೇಕಾಗುತ್ತದೆ.

ಇಂಡಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಒಂದು ಚಕ್ಕಡಿ ಹಿಡಿದು, ಕೊನೆಗೆ ಹೊಲಗಳ ನಡುವೆ ನಡೆದು ಕೆರೆ ಮುಟ್ಟಿದರು. ಎರಡೂ ಕಡೆ ಆಳೆತ್ತರದ ಬಿಳಿಜೋಳ, ತೆನೆ ಹಾಲು ತುಂಬಿ ನಿಂತಿತ್ತು. ಕೆರೆಯ ನೀರು ಹಿಂದೆ ಸರಿದ ಜಾಗದಲ್ಲಿ ಕಡಲೆ ಬಿತ್ತಿದ್ದರು. ಅದರಾಚೆ ನೀರಿನ ತುಂಬ ಬಾತು. ಬೂದಿ ಬಣ್ಣದ ದೊಡ್ಡ ಬಾತುಗಳು, ಬಿಳಿ ತಲೆಯ ಮೇಲೆ ಎರಡೆರಡು ಕರಿ ಪಟ್ಟಿ. ಶಂಕರೆಪ್ಪ ಕಣ್ಣಿಗೆ ಹಿಡಿದ ದುರ್ಬೀನು ಇಳಿಸಲೇ ಇಲ್ಲ. ರಾಚಪ್ಪನೂ ಹುಬ್ಬು ಏರಿಸಿದ. ಮೀರಾಸಾಬ ನೋಡಿದ. ಬಾತು ಇದ್ದವು.

ಜೋಳದ ಹೊಲದ ಅಟ್ಟದ ಮೇಲೆ ಒಬ್ಬ ಹೆಂಗಸು ನಿಂತಿದ್ದಳು, ಕೈಯಲ್ಲಿ ಕವಣೆ. ಹೆಸರು ಲಕ್ಕವ್ವ. ತೆನೆಗೆ ಗುಬ್ಬಿ, ಕಡಲೆಗೆ ಬಾತು, ಎರಡನ್ನೂ ಓಡಿಸುವುದು ಅವಳ ಕೆಲಸ. ಮಾಸ್ತರ ಅಟ್ಟದ ಕೆಳಗೆ ಹೋಗಿ, ಎಣಿಸಿ ಮುಗಿಯುವ ತನಕ ಕಲ್ಲು ಬೀಸಬೇಡ ತಾಯಿ ಅಂತ ಕೈ ಮುಗಿದ. ಬಾತು ಎಣಿಸುವುದಕ್ಕೆ ಸಿಂದಗಿಯಿಂದ ಮೂರು ಗಂಡಸರು ಬಂದಿದ್ದಾರೆಂದು ಕೇಳಿ ಅವಳು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಎಣಿಸುವಷ್ಟು ಹೊತ್ತಿನಲ್ಲಿ ಅವು ತಿನ್ನುವ ಕಡಲೆಯನ್ನೂ ಬರೆದುಕೊಳ್ಳಿರಿ ಅಂದಳು. ಆದರೂ ಕವಣೆ ಕೆಳಗಿಟ್ಟು ಕೂತಳು.

ಕೆಲಸ ಹಂಚಿದರು. ಮಾಸ್ತರ ದುರ್ಬೀನಿನಲ್ಲಿ ನೋಡಿ ಯಾವ ಜಾತಿಯ ಹಕ್ಕಿ ಅಂತ ಹೇಳುವುದು, ಮೀರಾಸಾಬ ಗುಂಪು ಗುಂಪಾಗಿ ಬಾಯಲ್ಲಿ ಎಣಿಸುವುದು, ರಾಚಪ್ಪ ಅವನ ಒಂದೊಂದು ಮಾತಿಗೆ ಒಂದೊಂದು ಹರಳನ್ನು, ಹೆಗಲಿನಿಂದ ತೆಗೆದು ನೆಲಕ್ಕೆ ಹಾಸಿದ ವಲ್ಲಿಯ ಮೇಲೆ ಇಡುವುದು. ಕಣದಲ್ಲಿಯೂ ಹೀಗೆಯೇ, ಅಳೆಯುವವನೊಬ್ಬ, ಗುರುತು ಇಡುವವನೊಬ್ಬ. ಒಂದು ಗುಂಪು ಮುಗಿದಾಗ ಎರಡೂ ಲೆಕ್ಕ ಕೂಡಿದರೆ ಸರಿ.

ಕೂಡಲಿಲ್ಲ. ದಂಡೆಯ ಹತ್ತಿರದ ಮೊದಲ ಗುಂಪಿಗೆ ಮೀರಾಸಾಬ ಹದಿನಾಲ್ಕು ಅಂದ, ವಲ್ಲಿಯ ಮೇಲೆ ಹರಳು ಹದಿಮೂರು. ಮಾಸ್ತರ ರಾಚಪ್ಪನ ಕಡೆ ನೋಡಿದ. ಎರಡನೇ ಗುಂಪಿನಲ್ಲಿಯೂ ಒಂದು ಹರಳು ಕಡಿಮೆ. ಮಾಸ್ತರ ನಯವಾಗಿ, ಸಾವಕಾರರಿಗೆ ತೂಕಡಿಕೆ ಬಂದಿರಬೇಕು ಅಂದ. ರಾಚಪ್ಪನಿಗೆ ಸಿಟ್ಟು ನೆತ್ತಿಗೇರಿತು. ಇಡೀ ಸಿಂದಗಿ ಬಜಾರದಲ್ಲಿ ತನ್ನ ಲೆಕ್ಕ ತಪ್ಪಿದೆ ಅಂದವನು ಇನ್ನೂ ಹುಟ್ಟಿಲ್ಲ, ಬೇಕಾದರೆ ಮಾಸ್ತರರೇ ಕೂತು ಹರಳು ಇಡಲಿ ಅಂದ. ಮಾಸ್ತರ ದುರ್ಬೀನು ಕೆಳಗಿಟ್ಟು ತಾನೇ ಕೂತ. ಮೂರನೇ ಗುಂಪಿನಲ್ಲಿಯೂ ಒಂದು ಕಡಿಮೆ ಬಂತು.

ಆಗ ಶಂಕರೆಪ್ಪನಿಗೆ ಹೊಳೆಯಿತು. ಅವನು ಬೇರೆ ಸೀಮೆಯವನು, ಸಿಂದಗಿಗೆ ಹೊಸಬ. ಮೀರಾಸಾಬನ ಮನೆಯ ಸುದ್ದಿ ಅವನಿಗೆ ಗೊತ್ತಿರಲಿಲ್ಲ.

"ಕಾಕಾ, ನೀವು ಎರಡರಿಂದ ಸುರು ಮಾಡಾಕತ್ತೀರಿ," ಅಂದ. "ಮೊದಲನೇದು ಎಲ್ಲಿ ಹೋತ್ರಿ?"

ಮೀರಾಸಾಬ ನೀರಿನ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ಎಲ್ಲೂ ಹೋಗಿಲ್ರಿ ಮಾಸ್ತರ, ಅಲ್ಲೇ ಐತಿ. ನನ್ನ ಬಾಯಾಗ ಬರಾಂಗಿಲ್ಲ, ಅಷ್ಟ."

ಮಾಸ್ತರ ನಕ್ಕ, ಕೆಟ್ಟ ನಗುವಲ್ಲ. "ನಿಮ್ಮ ಬಾಯಾಗ ಬರಲಿಲ್ಲಂದ್ರ ಅದು ಎಣಿಕಿಗೇ ಬರೂದಿಲ್ಲಲ್ರಿ. ಅದರದೇನು ತಪ್ಪರಿ ಪಾಪ, ಅಲ್ಲೇ ನೀರಾಗ ಕುಂತೈತಿ."

ರಾಚಪ್ಪ ಮಾಸ್ತರನ ಮೊಣಕೈ ಹಿಂಡಿದ. ಯಾಕೆಂದು ಮಾಸ್ತರನಿಗೆ ತಿಳಿಯಲಿಲ್ಲ, ಆದರೂ ಎದ್ದು ದುರ್ಬೀನು ತೆಗೆದುಕೊಂಡ. ರಾಚಪ್ಪ ಹರಳುಗಳನ್ನು ತನ್ನ ಕಡೆ ಎಳೆದುಕೊಂಡು ಮತ್ತೆ ಚಕ್ಕಳಮಕ್ಕಳ ಕೂತ. ಮುಂದಿನ ಗುಂಪಿಗೆ ಮೀರಾಸಾಬ ಬಾಯಿ ತೆರೆಯುವ ಮೊದಲೇ, ಯಾರಿಗೂ ಏನೂ ಹೇಳದೆ, ತಾನೇ ಒಂದು ಹರಳು ವಲ್ಲಿಯ ಮೇಲೆ ಇಟ್ಟ. ಆಮೇಲೆ ಮೀರಾಸಾಬ ಎರಡು ಅಂದ. ಆ ಗುಂಪು ಸರಿಯಾಗಿ ಕೂಡಿತು. ಅದರ ಮುಂದಿನದೂ ಕೂಡಿತು. ಹೀಗೆ ಮಧ್ಯಾಹ್ನದ ತನಕ ನಡೆಯಿತು: ಪ್ರತಿ ಗುಂಪಿಗೂ ಮೊದಲು ರಾಚಪ್ಪನ ಹರಳು, ಆಮೇಲೆ ಮೀರಾಸಾಬನ ದನಿ. ಮೀರಾಸಾಬ ಅದನ್ನು ನೋಡುತ್ತಿದ್ದ. ಗೆಳೆಯನ ಮೇಲೆ ಪ್ರೀತಿ ಉಕ್ಕಬೇಕಾಗಿತ್ತು. ಉಕ್ಕಲಿಲ್ಲ. ಹರಳು ಇಡುವ ಸಪ್ಪಳ ಮಾತ್ರ ಪ್ರತಿ ಸಲವೂ ಕಿವಿಗೆ ಬೀಳುತ್ತಿತ್ತು.

ಎಣಿಕೆ ಮುಗಿದ ಮೇಲೆ ಲಕ್ಕವ್ವ ಅಟ್ಟದಿಂದ ಇಳಿದಳು. ಹಾಲುತೆನೆ ಕೊಯ್ದು, ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಬಿಸಿಬಿಸಿ ಸೀತನಿ ಮಾಡಿ, ಬೆಲ್ಲ ಮತ್ತು ಶೇಂಗಾ ಹಿಂಡಿಯ ಜೊತೆ ಮುಂದಿಟ್ಟಳು. ಬಯ್ದರೂ ಉಣ್ಣಿಸದೆ ಕಳಿಸುವ ಸೀಮೆಯಲ್ಲ ಅದು. ತಿನ್ನುವಾಗ ಎಲ್ಲರ ಮನೆಯ ಸುದ್ದಿ ಕೇಳಿದಳು. ರಾಚಪ್ಪನ ಮಕ್ಕಳು, ಮಾಸ್ತರನ ಮದುವೆ, ಎಲ್ಲ ವಿಚಾರಣೆ ಆದ ಮೇಲೆ ಮೀರಾಸಾಬನ ಕಡೆ ತಿರುಗಿದಳು.

"ನಿಮಗೆಷ್ಟು ಮಕ್ಕಳ್ರಿ ಅಣ್ಣಾರ?"

"ಯಾರೂ ಇಲ್ಲವಾ," ಅಂದ ಮೀರಾಸಾಬ. ಐದು ತಿಂಗಳಿಂದ ಅವನು ಎಲ್ಲರಿಗೂ ಕೊಡುತ್ತಿದ್ದ ಉತ್ತರ ಅದು, ಕೊಟ್ಟು ಕೊಟ್ಟು ನುಣ್ಣಗಾಗಿತ್ತು.

ರಾಚಪ್ಪ ಸೀತನಿಯ ಮುಕ್ಕು ನುಂಗಿದ. ಬೆಳಗಿನಿಂದ ಯಾರ ಬದಲಿಗೋ ಹರಳಿಟ್ಟು ಅಭ್ಯಾಸವಾಗಿತ್ತೇನೋ, ಬಾಯಿ ಸುಮ್ಮನಿರಲಿಲ್ಲ. "ಮೊಮ್ಮಗಳು ಒಬ್ಬಾಕಿ ಅದಾಳವಾ," ಅಂದ. "ಚಡಚಣದಾಗ. ಇವಾ ಇನ್ನಾ ಎಣಿಸಿಲ್ಲ."

ಮಾಸ್ತರನ ಕೈ ಬಾಯಿಯ ಹತ್ತಿರವೇ ನಿಂತಿತು. ಲಕ್ಕವ್ವ ಮೀರಾಸಾಬನ ಎಲೆಗೆ ಇನ್ನಷ್ಟು ಸೀತನಿ ಹಾಕಿದಳು. ಆಮೇಲೆ ಎದ್ದು ಹೋಗಿ ಕವಣೆ ತೆಗೆದುಕೊಂಡು, ಅಷ್ಟು ಹೊತ್ತು ತಡೆದಿದ್ದ ಕೂಗು ಹಾಕಿ ಒಂದು ಕಲ್ಲು ಬೀಸಿದಳು. ಕಡಲೆಯ ಹೊಲದಿಂದ ಬಾತುಗಳೆಲ್ಲ ಒಮ್ಮೆಲೇ ಎದ್ದವು. ಗುಂಪು ಯಾವುದು, ಎಷ್ಟರದು, ಏನೂ ಉಳಿಯಲಿಲ್ಲ.

ಊರು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಖಾತುನಬಿ ತಾಟಿನಲ್ಲಿ ರೊಟ್ಟಿ ಹಾಕಿ ಇಟ್ಟಳು. ಮೀರಾಸಾಬ ಒಂದು ತುತ್ತು ಮುರಿದು, ತಾಟಿನಲ್ಲಿಯೇ ಬಿಟ್ಟು, ನಾಳೆ ಚಡಚಣಕ್ಕೆ ಹೋಗೋಣ ಅಂದ. ಅವಳು ನಂಬಲಾರದೆ ನೋಡಿದಳು. ಏನು ಮನಸ್ಸಿಗೆ ಬಂತು ಅಂತ ಕೇಳಿದಳು. ಮನಸ್ಸಿಗೆ ಏನೂ ಬಂದಿಲ್ಲ, ಅದರ ತಪ್ಪೇನೂ ಇಲ್ಲ ಅಂದ. ಯಾರ ತಪ್ಪು ಅಂತ ಅವಳು ಕೇಳಲಿಲ್ಲ. ಕೇಳಿ ಇದ್ದದ್ದನ್ನು ಕಳೆದುಕೊಳ್ಳುವಷ್ಟು ಪೆದ್ದಿ ಅಲ್ಲ ಅವಳು. ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿ ಹಾಕಿಕೊಂಡಳು.

ಚಡಚಣದಲ್ಲಿ ಹೆಚ್ಚು ಮಾತಾಗಲಿಲ್ಲ. ಮದುವೆಯ ಮನೆ, ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಬಾಬುಲಾಲ ಮಾವನ ಕಾಲು ಮುಟ್ಟಿ, ಮುಖ ತಗ್ಗಿಸಿ ಹೊರಗೆ ಹೋದ. ಅಮೀನಾಬಿ ಕೂಸನ್ನು ತಂದು ಖಾತುನಬಿಯ ಕೈಗೆ ಕೊಡುವಾಗ ಇಬ್ಬರೂ ಮುದುಕಿಯರು ಅತ್ತರು. ಸಗೀರಾ ಅಂತ ಕರೆಯುತ್ತೇವೆ, ನಿಮಗೆ ಬೇರೆ ಹೆಸರು ಇಡುವುದಿದ್ದರೆ ಇಟ್ಟುಕೊಳ್ಳಿರಿ ಅಂದಳು ಅಮೀನಾಬಿ. ಆಡಿನ ಹಾಲಿಗೆ ಎಷ್ಟು ನೀರು ಬೆರೆಸಬೇಕು, ಹೊಟ್ಟೆ ಉಬ್ಬಿದರೆ ಏನು ಕೊಡಬೇಕು, ಎಲ್ಲ ಹೇಳಿದಳು. ಬಸ್ ನಿಲ್ದಾಣದ ತನಕ ಹಿಂದೆಯೇ ಬಂದಳು.

ಬಸ್ಸು ಏರುವಾಗ ಖಾತುನಬಿ ಕೂಸನ್ನು ಒಂದು ಗಳಿಗೆ ಗಂಡನ ಕೈಗೆ ಕೊಟ್ಟಳು. ಅವನು ಮೊದಲ ಸಲ ಹಿಡಿದದ್ದು ಆವಾಗ. ಎಷ್ಟು ಸೇರು ಭಾರ ಅಂತ ತೋಳಿಗೆ ತಾನಾಗಿಯೇ ತಿಳಿಯಿತು. ಎದೆಗೆ ಏನಾದರೂ ತಿಳಿಯುತ್ತದೋ ಅಂತ ಕಾದ, ತಿಳಿಯಲಿಲ್ಲ. ಮೆಹರಾಜಳ ಮೂಗು, ಮೆಹರಾಜಳ ಕಿವಿ. ಕೂಸು ಅವನ ಗಡ್ಡದ ಕೂದಲು ಹಿಡಿದು ಎಳೆಯಿತು. ನೋಯಿತು, ಅದು ಮಾತ್ರ ನಿಜವಾಗಿ ನೋಯಿತು. ಸೀಟಿನಲ್ಲಿ ಕೂತ ಮೇಲೆ ಖಾತುನಬಿ ಕೈ ಚಾಚಿದರೂ ಅವನು ಕೊಡಲಿಲ್ಲ, ಮಡಿಲಲ್ಲಿ ಹಾಗೆಯೇ ಇಟ್ಟುಕೊಂಡ.

ಬಸ್ಸು ಊರು ದಾಟುವಾಗ ಕಂಡಕ್ಟರ ಬಂದ. ತರುಣ, ಅವಸರದಲ್ಲಿದ್ದ.

"ಎಷ್ಟು ಮಂದಿ, ಕಾಕಾ?"

ಮೀರಾಸಾಬ ಬಾಯಿ ತೆರೆದ. ಏನೂ ಬರಲಿಲ್ಲ. ಕಂಡಕ್ಟರ ಪೆನ್ಸಿಲಿನಿಂದ ಸೀಟಿನ ಕಂಬಿ ಬಡಿದ. ಖಾತುನಬಿ ತಾನೇ ಉತ್ತರ ಕೊಡಬೇಕೆಂದು ಹೊರಳಿದಳು. ಮೀರಾಸಾಬ ಕೂಸಿನ ತಲೆಯ ಮೇಲೆ ಕೈ ಇಟ್ಟ.

"ಲಾಭ," ಅಂದ. ದನಿ ಒಡೆದಿತ್ತು, ಹಾಡಿನ ಧಾಟಿ ಇರಲಿಲ್ಲ. ಆಮೇಲೆ ಹೆಂಡತಿಯ ಕಡೆ ಕೈ ಮಾಡಿ, "ಎರಡು." ತನ್ನ ಎದೆ ಮುಟ್ಟಿಕೊಂಡು, "ಮೂರು."

ಕಂಡಕ್ಟರನೂ ರೈತರ ಮನೆಯ ಹುಡುಗನೇ ಇರಬೇಕು, ನಕ್ಕ. "ಮಡಿಲಾಗಿನ ಕೂಸಿಗೆ ಟಿಕೇಟ ಇಲ್ರಿ ಕಾಕಾ. ನಿಮ್ಮದು ಎರಡ."

"ಟಿಕೇಟ ಬ್ಯಾಡ್ರಿ," ಅಂದ ಮೀರಾಸಾಬ. "ಎಣಿಕ್ಯಾಗ ಇರ್ಲಿ."

ಕಂಡಕ್ಟರ ಎರಡು ಟಿಕೇಟು ಹರಿದು ಅವನ ಕೈಗೆ ಕೊಟ್ಟು ಹಿಂದಿನ ಸೀಟಿಗೆ ಹೋದ. ಕೂಸು ಅವನ್ನು ಕಿತ್ತುಕೊಂಡು ಬಾಯಿಗೆ ಇಟ್ಟುಕೊಂಡಿತು.